ಕೇಳದೆ ಬಿಟ್ಟ ಒಂಬತ್ತು ಪ್ರಶ್ನೆ

ಜೀಪು ಹಳೇಬೀಡು ದಾಟಿತು. ಮುಂದಿನ ಸೀಟಿನಲ್ಲಿದ್ದ ಡಾಕ್ಟರ್ ಉಷಾರಾಣಿ ನಾನು ಮನೆಮನೆಗೆ ಹೋಗಿ ತುಂಬಿಸಿ ತಂದಿದ್ದ ನಲವತ್ತು ಫಾರಂಗಳಲ್ಲಿ ಒಂದನ್ನು ಎಳೆದು ತೆಗೆದರು.

"ಹುಲಿಕೆರೆ ಹನುಮಮ್ಮ. ಹಲ್ಲು ಜುಮ್ಮನ್ನುತ್ತೆ ಅಂತ ಪಟ್ಟಿಗೆ ಸೇರಿದೋರಿಗೆ ಎಲ್ಲಾ ಪ್ರಶ್ನೆಗೂ ಬರೀ ಒಂದು ಅಂಕ ಬರೋದು ಹೇಗೆ ಮೇಘಶ್ರೀ?"

"ಗೊತ್ತಿಲ್ಲ ಮೇಡಂ" ಅಂದೆ. ಗೊತ್ತಿತ್ತು.

ಹಲ್ಲು ಜುಮ್ಮೆನ್ನುವವರ ದಿನದ ಬಾಳು ಎಷ್ಟು ಕೆಡುತ್ತದೆ ಎಂದು ಅಳೆಯುವ ಕೆಲಸ ನಮ್ಮದು. ಹದಿನೈದು ಪ್ರಶ್ನೆ, ಪ್ರತಿಯೊಂದಕ್ಕೂ ಒಂದರಿಂದ ಏಳರವರೆಗೆ ಅಂಕ. ಒಂದು ಅಂದರೆ ತೊಂದರೆಯೇ ಇಲ್ಲ. ಮೊತ್ತ ಹೆಚ್ಚಾದವರಿಗೆ ಮಾತ್ರ ಬೇಲೂರಿನ ಶಿಬಿರದಲ್ಲಿ ಚಿಕಿತ್ಸೆ.

ಹೋದ ವಾರ ಹನುಮಮ್ಮನ ಮಾವ ರಾಮಣ್ಣ ಜಗುಲಿಯಲ್ಲೇ ಕೂತಿದ್ದರು. ತಣ್ಣೀರು ಕುಡಿದರೆ ನೋಯುತ್ತಾ ಎಂದು ಕೇಳಿದೆ. ಇಲ್ಲ ಅಂದಳು. ಒಂದು ಎಂದು ಬರೆದೆ. ಮುಂದಿನವಕ್ಕೂ ಅವಳದು ಅದೇ ಉತ್ತರ. ಆರನೆಯ ಪ್ರಶ್ನೆಗೆ ರಾಮಣ್ಣ, "ಏನವ್ವಾ, ಹಲ್ಲಿಗೂ ಜನಗಣತಿ ಬಂತಾ?" ಎಂದು ನಕ್ಕರು. ನಾನು ಫಾರಂ ಮಡಚಿಕೊಂಡು ಎದ್ದುಬಿಟ್ಟೆ. ಉಳಿದ ಒಂಬತ್ತಕ್ಕೆ ಮಾದಿಹಳ್ಳಿ ಬಸ್‌ಸ್ಟಾಪಿನಲ್ಲಿ ಕೂತು ಒಂದು, ಒಂದು ಎಂದು ನಾನೇ ತುಂಬಿದೆ. ಇದನ್ನು ಡೈರಿಯಲ್ಲೂ ಬರೆಯಲು ಧೈರ್ಯವಾಗಿರಲಿಲ್ಲ.

ಇವತ್ತು ನಾವು ಹನುಮಮ್ಮನ ಮನೆ ಮುಟ್ಟಿದಾಗ ರಾಮಣ್ಣ ಹೊಲಕ್ಕೆ ಹೋಗಿದ್ದರು. ಡಾಕ್ಟರು ನೇರವಾಗಿ ಕೇಳಿದರು: "ಈ ಹುಡುಗಿ ಹದಿನೈದೂ ಪ್ರಶ್ನೆ ಕೇಳಿದ್ಲಾ?"

ಹನುಮಮ್ಮ ನನ್ನ ಮುಖ ನೋಡಿದಳು. ಅಲ್ಲಿ ಏನು ಕಂಡಿತೋ.

"ಕೇಳ್ತು ಕಣ್ರವ್ವ. ಒಂದೂ ಬಿಡ್ದಂಗೆ ಕೇಳ್ತು, ಪಾಪ."

ಡಾಕ್ಟರು ಫೈಲು ಮುಚ್ಚಿ ಜೀಪಿನ ಕಡೆ ತಿರುಗಿದರು. ನಾನು ಉಳಿದೆ. ಹನುಮಮ್ಮ ನನಗೆ ಮಡಕೆಯಿಂದ ನೀರು ಕೊಟ್ಟು, ತಾನು ಒಲೆಯ ಮೇಲಿನ ಪಾತ್ರೆಯಿಂದ ಬಗ್ಗಿಸಿಕೊಂಡಳು. ಲೋಟದಲ್ಲಿ ಹಬೆ ಏಳುತ್ತಿತ್ತು.

"ಈ ಬಿಸಿಲಲ್ಲಿ ಬಿಸಿನೀರಾ?"

"ತಣ್ಣೀರು ಬಿಟ್ಟು ಮೂರು ವರ್ಷ ಆಯ್ತು. ಕುಡುದ್ರೆ ತಾನೆ ನೋಯದು? ನೀನು ಕೇಳ್ದಾಗ ಇಲ್ಲ ಅಂದಿದ್ದು ಅದ್ಕೇಯ."

ಆ ಫಾರಂ ಹಾಗೇ ಹೋದರೆ ಬೇಲೂರಿನ ಶಿಬಿರದ ಪಟ್ಟಿಯಲ್ಲಿ ಇವಳ ಹೆಸರಿರುವುದಿಲ್ಲ. ಹೇಳಿದರೆ ನನ್ನ ಕೆಲಸ ಇರುವುದಿಲ್ಲ. ಅರಸೀಕೆರೆಯಲ್ಲಿರುವ ಅಪ್ಪನಿಗೆ ಏನೆಂದು ಹೇಳಲಿ? ಜೀಪಿನ ಬಾಗಿಲು ತೆರೆದ ಸದ್ದಾಯಿತು.

"ಮೇಡಂ," ಎಂದು ಜೀಪಿನತ್ತ ಓಡಿದೆ. ಮತ್ತೆ ಕೂಗಿದೆ. "ನಾನು ಆರೇ ಕೇಳಿದ್ದು. ಉಳಿದಿದ್ದೆಲ್ಲಾ ನಾನೇ ಬರೆದೆ."

ಅವರು ಬೈಯಲಿಲ್ಲ. ಅದೇ ಹೆಚ್ಚು ಹೆದರಿಸಿತು. ವಾಪಸು ಬಂದು ಹೊಸ ಫಾರಂ ಒಂದನ್ನು ನನ್ನ ಕೈಗಿಟ್ಟು ಜಗುಲಿಯ ಮೇಲೆ ಕೂತರು. "ಮೊದಲಿಂದ ಕೇಳು. ನನ್ನ ಎದುರಿಗೆ."

ಏಳನೆಯದಕ್ಕೆ ಬಂದೆ. "ಹಲ್ಲಿನ ದೆಸೆಯಿಂದ ಬೇರೆಯವರ ಜೊತೆ ಊಟಕ್ಕೆ ಕೂರೋದನ್ನ ತಪ್ಪಿಸ್ತೀರಾ?"

ಹನುಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಎಲ್ರೂ ಉಂಡು ಎದ್ಮೇಲೆ ಒಬ್ಳೇ ಉಣ್ತೀನಿ. ಮುಖ ಕಿವುಚೋದು ಯಾರೂ ನೋಡ್ಬಾರ್ದು."

ಏಳು ಎಂದು ಬರೆದೆ.

"ಮುಗಿಸು," ಎಂದರು ಡಾಕ್ಟರು, ನನ್ನ ಉಳಿದ ಮೂವತ್ತೊಂಬತ್ತು ಫಾರಂಗಳನ್ನು ತೊಡೆಯ ಮೇಲೆ ಹರಡಿಕೊಳ್ಳುತ್ತಾ. "ಆಮೇಲೆ ಹೇಳು, ಇದರಲ್ಲಿ ಇಂಥವು ಇನ್ನೆಷ್ಟಿವೆ?"