ಭಾವನ ಲಿನಕ್ಸ್ ದೀಕ್ಷೆ

ಅಕ್ಕನ ಗಂಡ ಮನೆಗೆ ಬಂದರೆ ಏನಾದರೊಂದು ಕೆಡುತ್ತದೆ. ಈ ಸಲ ಕೆಟ್ಟದ್ದು ಅವನ ನಾದಿನಿಯ ಗೇಮಿಂಗ್ ಲ್ಯಾಪ್‌ಟಾಪ್. ಅವಳು ಅದನ್ನು ಆಟಕ್ಕೆ ತಂದವಳಲ್ಲ. ಇನ್ನೂ ಕಟ್ಟದ ಕಟ್ಟಡಗಳೊಳಗೆ ಗಿರಾಕಿಗಳನ್ನು ಪರದೆಯ ಮೇಲೆ ಸುತ್ತಾಡಿಸುವುದು ಅವಳ ಕಸುಬು. ಅದಕ್ಕೆ ಗಟ್ಟಿ ಗ್ರಾಫಿಕ್ಸ್ ಕಾರ್ಡ್ ಬೇಕು. ಅವಳು ಅದನ್ನು ಚಾರ್ಜಿಗೆ ಹಾಕಿ ಸೈಟಿಗೆ ಹೋಗಿ ಬರುವಷ್ಟರಲ್ಲಿ ಭಾವ ವಿಂಡೋಸ್ ಅಳಿಸಿ, ಯಾವ ಕಂಪನಿಯ ಹಂಗೂ ಇಲ್ಲದ ಲಿನಕ್ಸ್ ಹಾಕಿ, ಹೆರಿಗೆ ಮಾಡಿಸಿದ ಸೂಲಗಿತ್ತಿಯ ಹಾಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದ.

"ನಿನ್ನ ಸಾಫ್ಟ್‌ವೇರೂ ಹಾಕಿದೀನಿ. ಗುಲಾಮಗಿರಿ ಮುಗೀತು ನಿಂದು."

ಅವಳ ಕೆಲಸವೆಲ್ಲ ಬೇರೆ ಡಿಸ್ಕಿನಲ್ಲಿತ್ತು. ಅದು ಅವಳ ಪುಣ್ಯ, ಅವನ ಜಾಣತನವಲ್ಲ. ಆದರೆ ಗ್ರಾಫಿಕ್ಸ್ ಕಾರ್ಡ್ ಸತ್ತಂತೆ ಮಲಗಿತ್ತು. ಗೋಡೆಯ ಟೀವಿಗೆ ಚಿತ್ರ ಹೋಗುವುದೂ ಆ ಕಾರ್ಡಿನಿಂದಲೇ. ಮಧ್ಯಾಹ್ನ ಹಲ್ಲಿನ ಡಾಕ್ಟರು ತಮ್ಮ ಹೊಸ ಕ್ಲಿನಿಕ್ಕಿನ ಒಳಾಂಗಣ ನೋಡಲು ಬರುವವರಿದ್ದರು. ಇವತ್ತು ತೋರಿಸದಿದ್ದರೆ ಕೆಲಸ ಬೇರೆಯವರ ಪಾಲು.

"ಭಾವ, ಟೀವಿಗೆ ಏನೂ ಬರ್ತಿಲ್ಲ." ಬಾಯಲ್ಲಿ ಮರ್ಯಾದೆ, ಮನಸ್ಸಿನಲ್ಲಿ ಅವನು ಬರೀ ಕತ್ತೆ.

"ಕಾರ್ಡನ್ನ ಎಬ್ಬಿಸೋ ಡ್ರೈವರ್ ಹಾಕ್ತಿದೀನಲ್ಲಮ್ಮ. ವಿಂಡೋಸ್‌ನವರಿಗೆ ತಾಳ್ಮೆನೇ ಇಲ್ಲ."

"ಆಯ್ತಾ?" ಅಡುಗೆಮನೆಯಿಂದ ಅಕ್ಕ.

"ಆಗ್ತಾ ಇದೆ!"

"ಇವ್ರು ಆಗ್ತಾ ಇದೆ ಅಂದದ್ದು ಇವತ್ತಿನವರೆಗೂ ಆಗಿಲ್ಲ ಕಣೇ."

ಭಾವ ಡ್ರೈವರ್ ಹಾಕುತ್ತಿದ್ದ, ಯಂತ್ರ ಪಾಸ್‌ವರ್ಡ್ ಕೇಳಿದರೆ ಏನೋ ಕುಟ್ಟುತ್ತಿದ್ದ, ಯಂತ್ರ ಆರಿಸಿ ಮತ್ತೆ ಶುರು ಮಾಡುತ್ತಿದ್ದ. ನೀಲಿ ಪರದೆಯೊಂದು ಬರುತ್ತಿತ್ತು. ಸೊಳ್ಳೆ ಹೊಡೆಯುವವನಂತೆ ಎಂಟರ್ ಗುದ್ದುತ್ತಿದ್ದ. ಕಾರ್ಡ್ ಏಳುತ್ತಿರಲಿಲ್ಲ. ಡ್ರೈವರನ್ನು ಕಿತ್ತು, ಬೈದು, ಮತ್ತೆ ಹಾಕುತ್ತಿದ್ದ. ನಡುನಡುವೆ ಫೋನಿನಲ್ಲಿ, ಲಿನಕ್ಸ್ ಗುಂಪಿನಲ್ಲಿ ಸಹಾಯ ಕೇಳಿದ ಯಾರಿಗೋ ಉತ್ತರ ಬರೆದ: "ಮೊದಲು ಕೈಪಿಡಿ ಓದು."

"ಆ ನೀಲಿ ಪರದೇಲಿ ಏನಿರುತ್ತೆ ಭಾವ?"

"ಏನೋ ಎಚ್ಚರಿಕೆ. ಹೆದರೋರಿಗೆ."

"ಓದಿದ್ರಾ?"

"ಅದನ್ನೇನು ಓದೋದು?"

"ಕೈ ಹಿಂದೆ ಕಟ್ಕೊಂಡು ನಿಂತ್ಕೊಳ್ಳಿ."

ಅವಳೇ ಯಂತ್ರ ಆರಿಸಿ ಮತ್ತೆ ಶುರು ಮಾಡಿದಳು. ಪರದೆಯ ಮೊದಲ ಸಾಲು, ಹೀಗೇ ಮುಂದುವರಿ. ಎರಡನೆಯದು, ಹೊಸ ಕೀಲಿ ನೋಂದಾಯಿಸು. ಗುರುತಿಲ್ಲದ ಡ್ರೈವರನ್ನು ಒಳಗೆ ಬಿಡಲು ಯಂತ್ರ ಯಜಮಾನನ ಒಪ್ಪಿಗೆ ಕೇಳುತ್ತಿತ್ತು. ಈ ಮಹಾಶಯ ಪ್ರತಿ ಸಲವೂ ಕೇಳಿಸದವನಂತೆ ಬಾಗಿಲು ದಾಟಿ ಹೋಗುತ್ತಿದ್ದ. ಎರಡನೆಯದನ್ನು ಒತ್ತಿದಳು. ಡ್ರೈವರ್ ಹಾಕುವಾಗ ಕೊಟ್ಟ ಪಾಸ್‌ವರ್ಡ್ ಕೇಳಿತು.

"ಏನು ಕೊಟ್ಟಿದ್ರಿ?"

ಭಾವ ಫ್ಯಾನ್ ನೋಡಿದ. "ಕೈಗೆ ಬಂದಿದ್ದು."

ಅವಳು ಹಲ್ಲು ಕಚ್ಚಿಕೊಂಡು ಡ್ರೈವರ್ ಹಾಕುವುದರಿಂದ ಮತ್ತೆ ಮಾಡಿದಳು. ಪಾಸ್‌ವರ್ಡ್ ಈ ಸಲ ಅವಳದು. ಟೀವಿ ಬೆಳಗುವುದಕ್ಕೂ ಡಾಕ್ಟರು ಚಪ್ಪಲಿ ಬಿಡುವುದಕ್ಕೂ ಸರಿಹೋಯಿತು.

ಪರದೆಯ ಮೇಲೆ ಕ್ಲಿನಿಕ್ಕಿನ ಬಾಗಿಲು ತೆರೆಯಿತು. ಹಿಂದಿನಿಂದ ಭಾವ ಶುರುವಿಟ್ಟ: "ಡಾಕ್ಟ್ರೇ, ಇದೆಲ್ಲ ಲಿನಕ್ಸಲ್ಲಿ ಓಡ್ತಿರೋದು. ಪೂರ್ತಿ ಸ್ವಾತಂತ್ರ್ಯ!"

"ಇರಲಿ ಬಿಡಿ," ಅಂದರು ಡಾಕ್ಟರು. "ಆ ಕುರ್ಚಿ ಕಿಟಕಿ ಕಡೆ ಬರುತ್ತಾ?"

ಅವಳು ಕುರ್ಚಿ ಸರಿಸಿ ತೋರಿಸಿದಳು. ಸೋಮವಾರದಿಂದಲೇ ಬಡಗಿಯನ್ನು ಕರೆಸಿ ಅಂತ ಹೇಳಿ ಡಾಕ್ಟರು ಹೊರಟರು.

"ನೋಡಿದ್ಯಾ? ಹೇಳಿರ್ಲಿಲ್ವಾ ನಾನು?" ಭಾವನ ಎದೆ ಉಬ್ಬಿತ್ತು. ಕೈ ಆಗಲೇ ಕೀಬೋರ್ಡಿನತ್ತ ಹೊರಟಿತ್ತು. "ಒಂದು ಸಣ್ಣ ಅಪ್‌ಡೇಟ್ ಬಂದಿದೆ, ಹಾಕಿಬಿಡ್ತೀನಿ."

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಅವನು ಬೆರಳು ಎಳೆದುಕೊಳ್ಳಲಿ ಅಂತ ಕಾಯಲಿಲ್ಲ.

"ಅಕ್ಕಾ," ಭಾವನ ಕೂಗು ನಿಂತ ಮೇಲೆ ಕೇಳಿದಳು, "ನಿಮ್ಮ ಬಸ್ಸು ಎಷ್ಟೊತ್ತಿಗೆ?"