ಒಂದು ಮುಚ್ಚಳಕ್ಕೆ ಮೂವರು ಗಿರಾಕಿಗಳು

ಮುಚ್ಚಳಕ್ಕ ಮಾರುವುದು ಬರೀ ಮುಚ್ಚಳ. ಪಾತ್ರೆ ಕೇಳಿದರೆ ಅವಳ ಹತ್ತಿರ ಇಲ್ಲ. ಟೀ ಪಾಟಿನ ಮುಚ್ಚಳ, ಸಕ್ಕರೆ ಡಬ್ಬಿಯ ಮುಚ್ಚಳ, ಪಿಂಗಾಣಿ ಜಾಡಿಯ ಮುಚ್ಚಳ, ಹಿಡಿ ಮುರಿದದ್ದು, ಹಿಡಿಯ ಜಾಗದಲ್ಲಿ ಗುಬ್ಬಚ್ಚಿ ಕೂತದ್ದು, ಹೀಗೆ ಬೀದಿ ಕಡೆಯ ಅವಳ ಚಿಕ್ಕ ಕೋಣೆಯ ತುಂಬ ಮುಚ್ಚಳಗಳೇ. “ಮನೇಲಿ ಮೊದಲು ಒಡೆಯೋದು ಯಾವುದು ಹೇಳಿ? ಮುಚ್ಚಳ. ಪಾತ್ರೆ ಪಾಪ ಬರಿತಲೇಲಿ ಕೂತಿರುತ್ತೆ” ಎನ್ನುತ್ತಾಳೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳಾದರೂ ನಾನೂ ಅವಳನ್ನು ಮುಚ್ಚಳಕ್ಕ ಎಂದೇ ಕರೆಯುತ್ತೇನೆ. ಅವಳು ನನ್ನನ್ನು ಗುಂಡಿಯಮ್ಮ ಎನ್ನುತ್ತಾಳೆ, ಏಕೆಂದರೆ ನಾನು ಮಾರುವುದು ಹಳೆಯ ಅಂಗಿಗಳ ಗುಂಡಿಗಳನ್ನು.

ನಮ್ಮ ಜೊತೆಗೆ ಇನ್ನಿಬ್ಬರು. ಗಡಿಯಾರದಣ್ಣ ನಿಂತುಹೋದ ಗೋಡೆ ಗಡಿಯಾರಗಳಿಗೆ ಜೀವ ಕೊಟ್ಟು ಮಾರುತ್ತಾರೆ. ದಪ್ಪ ಮೀಸೆ, ದೊಡ್ಡ ಮೈ, ಪಿಸುಮಾತಾಡಿದರೂ ಬೀದಿಯ ಆ ತುದಿಗೆ ಕೇಳುತ್ತದೆ. ನಕಾಶೆ ಮೇಷ್ಟ್ರು ಭೂಗೋಳ ಕಲಿಸಿ ನಿವೃತ್ತರಾದವರು. ಹಳೆಯ ನಕಾಶೆಗಳನ್ನು ಮಾರುತ್ತಾರೆ. ನಾವು ನಾಲ್ವರೂ ಮಾರುವುದು ಒಂದೇ ಜಾಗದಲ್ಲಿ, ಪ್ರಪಂಚದ ಮೂಲೆಮೂಲೆಯವರು ಬಂದು ಬೆಲೆ ಕೂಗುವ ಆ ದೊಡ್ಡ ಹರಾಜಿನ ವೆಬ್‌ಸೈಟಿನಲ್ಲಿ. ಅದಕ್ಕೆ ನಾಲಿಗೆ ತಿರುಗದ ಏನೋ ಹೆಸರಿದೆ. ನಾವು ಹರಾಜಪ್ಪ ಎನ್ನುತ್ತೇವೆ.

ಹರಾಜಪ್ಪ ಆ ವಾರ ಹೊಸದೊಂದು ಕಟ್ಟಳೆ ಹಾಕಿದ್ದ. ಇನ್ನು ಮೇಲೆ ಮಾರಿದ್ದರಲ್ಲಿ ಅವನ ಪಾಲು ಹೆಚ್ಚು. ಜೊತೆಗೆ ಜಾಹೀರಾತಿನ ದುಡ್ಡು ಬೇರೆ ಕಟ್ಟದಿದ್ದರೆ ನಮ್ಮ ಸಾಮಾನು ಯಾರ ಕಣ್ಣಿಗೂ ಬೀಳದ ಹಿಂದಿನ ಪುಟಕ್ಕೆ ಹೋಗುತ್ತದೆ. ಬಿಡುವುದೋ ಇರುವುದೋ ತೀರ್ಮಾನಿಸಲು ಭಾನುವಾರ ಮಧ್ಯಾಹ್ನ ಮುಚ್ಚಳಕ್ಕನ ಕೋಣೆಯಲ್ಲಿ ಸೇರಿದೆವು.

ಆ ಕೋಣೆಯ ವಿಷಯ ಮೊದಲೇ ಹೇಳಿಬಿಡಬೇಕು. ಮುಚ್ಚಳಕ್ಕನ ಸೊಸೆ ಬಟ್ಟೆ ಹೊಲಿಯುತ್ತಾಳೆ. ಅವಳ ಹೊಲಿಗೆ ಯಂತ್ರ ಇದ್ದದ್ದು ಅಡುಗೆಮನೆಗೆ ಹೋಗುವ ಓಣಿಯಂಥ ಜಾಗದಲ್ಲಿ. ಯಾರಾದರೂ ನೀರು ಕುಡಿಯಲು ಹೋದರೂ ಅವಳು ಎದ್ದು, ಸ್ಟೂಲು ಎತ್ತಿ, ದಾರಿ ಬಿಡಬೇಕು. ಬೆಳಕಿರುವುದು ಬೀದಿ ಕಡೆಯ ಕೋಣೆಯಲ್ಲಿ ಮಾತ್ರ. “ನಿಮ್ಮ ವ್ಯಾಪಾರ ನಡೀತಿರೋವರೆಗೂ ಕೋಣೆ ನಿಮ್ಮದೇ ಅತ್ತೆ. ಆಮೇಲೆ ನನಗೆ ಕೊಡಿ” ಎಂದು ಅವಳು ಒಮ್ಮೆ ಹೇಳಿದ್ದಳು. ಮತ್ತೆ ಆ ಮಾತು ಎತ್ತಿರಲಿಲ್ಲ. ಆದರೆ ಮುಚ್ಚಳಕ್ಕ ಮಾತಿಗೆ ತಪ್ಪುವವಳಲ್ಲ. ವ್ಯಾಪಾರ ನಿಂತರೆ ಅವತ್ತೇ ಕೋಣೆ ಖಾಲಿ. ಮುಚ್ಚಳಗಳು ಹೋಗುವುದೆಲ್ಲಿಗೆ? ಅವುಗಳನ್ನು ಬಿಟ್ಟು ಅವಳಾದರೂ ಹೋಗುವುದೆಲ್ಲಿಗೆ?

ಸೊಸೆ ನಮಗೆಲ್ಲ ಟೀ ತಂದಳು. ಗಡಿಯಾರದಣ್ಣನಿಗೆ ಸಕ್ಕರೆ ಹಾಕಿರಲಿಲ್ಲ. ಮೇಷ್ಟ್ರ ಕುರ್ಚಿಗೆ, ಅವರು ಕೂರುವ ಮೊದಲೇ, ಒಂದು ದಿಂಬು ಬಂದಿತ್ತು. ಅವರ ಸೊಂಟನೋವಿನ ವಿಷಯ ಅವರು ಯಾರಿಗೂ ಹೇಳಿರಲಿಲ್ಲ.

“ಹರಾಜಪ್ಪನ ಮನೆ ಹಾಳಾಗ!” ಎಂದು ಗಡಿಯಾರದಣ್ಣ ಶುರುಮಾಡಿದರು. “ಹೋದ ತಿಂಗಳು ಒಬ್ಬ ಗಡಿಯಾರ ವಾಪಸ್ ಕಳಿಸಿದ. ಕಾರಣ ಏನಂತೆ? ಟಿಕ್ ಟಿಕ್ ಅಂತ ಸದ್ದು ಮಾಡುತ್ತಂತೆ! ಗಡಿಯಾರ ಇನ್ನೇನು ಮಾಡ್ಬೇಕು, ಕೆಮ್ಮಬೇಕಾ? ಹರಾಜಪ್ಪ ಅವನ ಕಡೇನೇ ತೀರ್ಪು ಕೊಟ್ಟ.”

“ನಂದು ಕೇಳಿ” ಎಂದರು ಮೇಷ್ಟ್ರು. “ನೂರು ವರ್ಷದ ನಕಾಶೆ ಅಂತ ಬರೆದೇ ಮಾರಿದ್ದೆ. ಇದರಲ್ಲಿರೋ ದೇಶ ಈಗಿಲ್ಲ, ದುಡ್ಡು ವಾಪಸ್ ಕೊಡಿ ಅಂದಳು ಒಬ್ಬಳು. ದೇಶ ಇಲ್ಲದೇ ಇರೋದು ನನ್ನ ತಪ್ಪಾ?”

ನನ್ನಿಂದ ಒಂದು ಡಜನ್ ಗುಂಡಿ ಕೊಂಡವನು, ಜೊತೆಗೆ ಅಂಗಿ ಬರಲಿಲ್ಲ ಎಂದು ದೂರು ಕೊಟ್ಟಿದ್ದ. ಅದನ್ನು ಹೇಳಿದೆ.

“ನಿಮ್ಮದೆಲ್ಲ ಪರವಾಗಿಲ್ಲ” ಎಂದಳು ಮುಚ್ಚಳಕ್ಕ. “ಒಂದೊಂದು ಮುಚ್ಚಳ ಹಾಕುವಾಗ್ಲೂ ನನಗೆ ಕೇಳ್ತಾನೆ, ಬ್ಯಾಟರಿ ಇದೆಯಾ ಇಲ್ವಾ ಅಂತ. ಸಾಕಪ್ಪ ಅವನ ಸಹವಾಸ. ಬಿಡೋಣ. ಬಿಡೋರು ಕೈ ಎತ್ತಿ.”

ಅವಳೊಬ್ಬಳೇ ಕೈ ಎತ್ತಿದಳು.

ನನಗೆ ಕೈ ಎತ್ತಲು ಆಗಲಿಲ್ಲ. ಕಾರಣವಿತ್ತು, ಅದನ್ನು ಹೇಳುವಂತಿರಲಿಲ್ಲ. ವರ್ಷದ ಹಿಂದೆ ಅವಳ ಮುಚ್ಚಳಗಳು ಕೂಗುವವರಿಲ್ಲದೆ ಹಾಗೇ ಉಳಿಯುತ್ತಿದ್ದವು. ಅವಳ ಮುಖ ನೋಡಲಾಗದೆ ಹರಾಜಪ್ಪನಲ್ಲಿ ಬೇರೆ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದು ನಾನೇ ಕೊಳ್ಳತೊಡಗಿದ್ದೆ. ಯಾರಿಗೂ ಅನುಮಾನ ಬಾರದಿರಲೆಂದು ಒಂಟಿಸಲಗ ಎಂದು ಹೆಸರಿಟ್ಟುಕೊಂಡಿದ್ದೆ. ಪಾರ್ಸೆಲ್ಲುಗಳು ನನ್ನ ತಂಗಿಯ ಮನೆಗೆ ಹೋಗುತ್ತಿದ್ದವು. ಹರಾಜಪ್ಪನನ್ನು ಬಿಟ್ಟರೆ ಒಂಟಿಸಲಗ ಎಲ್ಲಿ ಕೂಗುವುದು? ಒಂಟಿಸಲಗ ಸುಮ್ಮನಾದರೆ ಅವಳ ಕೋಣೆ ಉಳಿಯುವುದು ಹೇಗೆ?

ವಿಚಿತ್ರವೆಂದರೆ ಉಳಿದಿಬ್ಬರೂ ಕೈ ಎತ್ತಲಿಲ್ಲ.

“ಅಲ್ಲಾ, ಈಗಷ್ಟೇ ಮನೆ ಹಾಳಾಗ ಅಂದ್ರಿ?” ಎಂದು ಮುಚ್ಚಳಕ್ಕ ಗಡಿಯಾರದಣ್ಣನನ್ನು ನೋಡಿದಳು.

“ಅಂದೆ. ಕೋಪದಲ್ಲಿ ಅಂದೆ” ಎಂದು ಅವರು ಮೀಸೆ ತಿರುವಿದರು. “ಯೋಚನೆ ಮಾಡಿದ್ರೆ ಹರಾಜಪ್ಪ ಅಷ್ಟೇನೂ ಕೆಟ್ಟವನಲ್ಲ.”

“ಅವನ ಬಣ್ಣ ಚೆನ್ನಾಗಿದೆ” ಎಂದರು ಮೇಷ್ಟ್ರು.

“ಯಾವ ಬಣ್ಣ?”

“ಆ ಪುಟದ ಬಣ್ಣಮ್ಮ. ಕಣ್ಣಿಗೆ ತಂಪು.”

ಮುಚ್ಚಳಕ್ಕ ಸೊಂಟದ ಮೇಲೆ ಕೈಯಿಟ್ಟಳು. “ನೀವೆಲ್ಲ ನನ್ನ ಬಗ್ಗೆ ಹೆದರ್ತಿದೀರಾ? ಬಿಟ್ರೆ ನನ್ನ ವ್ಯಾಪಾರ ಬಿದ್ದುಹೋಗುತ್ತೆ ಅಂತ? ಅಯ್ಯೋ, ನನಗೆ ಗಿರಾಕಿಗಳು ಹೇಗಿದಾರೆ ಗೊತ್ತಾ? ಮೊನ್ನೆ ಆ ಗುಬ್ಬಚ್ಚಿ ಮುಚ್ಚಳ ಇಟ್ಟಿದ್ದೆ. ಮೂರು ಜನ ಹಾವು ಮುಂಗುಸಿ ಥರ ಕಿತ್ತಾಡಿದ್ರು! ಒಂಟಿಸಲಗ ಅಂತ ಒಬ್ಬ, ಯಾವುದೋ ಕಾಡು ಕಡೆ ಸಾಹುಕಾರ ಇರ್ಬೇಕು. ಪುಟ್ಟಮಲ್ಲಿಗೆ ಅಂತ ಒಂದು ಹುಡುಗಿ, ಪಾಪ ಹೊಸದಾಗಿ ಸಂಸಾರ ಹೂಡಿರ್ಬೇಕು. ಇನ್ನೊಬ್ಬ ಉತ್ತರಧ್ರುವ. ಒಬ್ಬೊಬ್ಬರೂ ಒಂದೇ ಮುಚ್ಚಳಕ್ಕೆ…”

ಅಲ್ಲಿ ಅವಳ ಮಾತು ನಿಂತಿತು. ಮುಚ್ಚಳದವಳಿಗೆ ಮಾತ್ರ ಹೊಳೆಯಬಹುದಾದದ್ದು ಅವಳಿಗೆ ಹೊಳೆಯಿತು. ಹೊಳೆಯಲು ಇಷ್ಟು ದಿನ ಯಾಕೆ ಬೇಕಾಯಿತೋ, ಗಿರಾಕಿ ಬಂದ ಸಂತೋಷ ಹಾಗಿರುತ್ತದೆ.

“ತಡೀರಿ” ಎಂದಳು ನಿಧಾನವಾಗಿ. “ಗಡಿಯಾರ ಆದ್ರೆ ಯಾರ ಗೋಡೆಗಾದ್ರೂ ಆಗುತ್ತೆ. ಮುಚ್ಚಳ ಹಾಗಲ್ಲ. ಅದು ಯಾವ ಪಾತ್ರೇದೋ ಆ ಪಾತ್ರೆಗೇ ಆಗೋದು. ಅದೇ ಅಳತೆ, ಅದೇ ಗುಬ್ಬಚ್ಚಿ. ಮೂರು ಮನೇಲಿ, ಒಂದೇ ವಾರ, ಒಂದೇ ಥರದ ಪಾಟಿನ ಮುಚ್ಚಳ ಒಡೆಯುತ್ತಾ? ಒಂದು ಮುಚ್ಚಳಕ್ಕೆ ಮೂರು ಗಿರಾಕಿ ಎಲ್ಲಿಂದ ಬರ್ತಾರೆ?”

ನಾನು ಟೀ ಕಪ್ಪಿನೊಳಗೆ ಮುಖ ಹುದುಗಿಸಿದೆ. ಮೇಷ್ಟ್ರು ಚಾವಣಿ ನೋಡುತ್ತಿದ್ದರು. ಮುಚ್ಚಳಕ್ಕ ಮೊದಲು ಹಿಡಿದದ್ದು ಅವರನ್ನೇ.

“ಮೇಷ್ಟ್ರೇ. ಉತ್ತರಧ್ರುವ.”

“ಭೂಮಿಯ ಉತ್ತರ ತುದೀಲಿರೋ…”

“ಪಾಠ ಬೇಡ. ನೀವೇ ಅಲ್ವಾ?”

ಮೇಷ್ಟ್ರು ತಲೆ ತಗ್ಗಿಸಿದರು. ನಾನೂ ತಡೆಯಲಾರದೆ “ಸಲಗ ನಾನು ಕಣೆ” ಎಂದೆ. ಅಷ್ಟರಲ್ಲಿ ಗಡಿಯಾರದಣ್ಣ ಕುರ್ಚಿಯಿಂದ ಎದ್ದು ನನ್ನ ಕಡೆ ತಿರುಗಿದರು. “ಆ ಒಂಟಿಸಲಗ ನೀವಾ! ಗುಬ್ಬಚ್ಚಿ ಮುಚ್ಚಳಕ್ಕೆ ಕೊನೇ ಗಳಿಗೇಲಿ ಕೂಗಿ ಕೂಗಿ ನನ್ನ ಜೀವ ತಿಂದೋರು ನೀವಾ?”

“ಅಂದ್ರೆ… ಪುಟ್ಟಮಲ್ಲಿಗೆ?” ಎಂದೆ.

ಅವರು ಮೀಸೆಯ ಮೇಲೆ ಕೈಯಿಟ್ಟುಕೊಂಡು, “ಹೆಸರು ಮುದ್ದಾಗಿತ್ತು” ಎಂದರು.

ಆಮೇಲೆ ನಡೆದದ್ದು ಸಭೆಯೂ ಅಲ್ಲ, ಜಗಳವೂ ಅಲ್ಲ. ನಾವು ಪ್ರತಿಯೊಬ್ಬರೂ ನಾವೊಬ್ಬರೇ ಅವಳನ್ನು ಕಾಪಾಡುತ್ತಿದ್ದೇವೆ ಎಂದುಕೊಂಡಿದ್ದೆವು. ಎದುರಿಗೆ ಕೂಗುವವನು ಯಾರೋ ಜುಗ್ಗ, ಅವಳ ಒಳ್ಳೆಯ ಮುಚ್ಚಳವನ್ನು ಅಗ್ಗಕ್ಕೆ ಹೊಡೆಯಲು ಬಂದಿದ್ದಾನೆ ಎಂದು ಹಟಕ್ಕೆ ಬಿದ್ದು ಬೆಲೆ ಏರಿಸಿದ್ದೆವು. “ನೀವು ಬಿಟ್ಟುಬಿಡಬಾರದಿತ್ತಾ?” “ನೀವ್ಯಾಕೆ ಬಿಡಲಿಲ್ಲ?” “ಹೆಣ್ಣುಮಗು ಅಂತ ಗೊತ್ತಿದ್ದೂ ಮಲ್ಲಿಗೆ ಮೇಲೆ ಕೂಗಿದ್ರಲ್ಲ ಮೇಷ್ಟ್ರೇ, ಮನಸ್ಸು ಹೇಗೆ ಬಂತು?” ನಮ್ಮ ಒಂದೊಂದು ಉಪಕಾರದಲ್ಲೂ ಹರಾಜಪ್ಪ ತನ್ನ ಪಾಲು ಕಿತ್ತುಕೊಂಡು ಚೆನ್ನಾಗಿ ಕೊಬ್ಬಿದ್ದ.

“ಹೌದು, ದೊಡ್ಡಸಾಹೇಬ ಅನ್ನೋದು ಯಾರು?” ಎಂದು ಗಡಿಯಾರದಣ್ಣ ಇದ್ದಕ್ಕಿದ್ದಂತೆ ಕೇಳಿದರು. “ಮುಳ್ಳೇ ಇಲ್ಲದ ನನ್ನ ಗಡಿಯಾರ ಕೊಂಡೋನು?”

ನನ್ನ ಕಪ್ಪು ಗುಂಡಿಗಳನ್ನು ಡಬ್ಬಿಗಟ್ಟಲೆ ಕೊಂಡವನೂ ದೊಡ್ಡಸಾಹೇಬನೇ. ಅಂಥ ಗುಂಡಿ ಅಷ್ಟು ಯಾರಿಗೆ ಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೆ. ಮುಚ್ಚಳಕ್ಕ ಕಿಟಕಿಯಾಚೆ ಏನೋ ಇದೆ ಎಂಬಂತೆ ನೋಡತೊಡಗಿದಳು. ಅವಳ ಕಿವಿ ಕೆಂಪಗಾಗಿತ್ತು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳೂ ನಕ್ಕಳು.

ನಗು ನಿಂತ ಮೇಲೆ ಅವಳು ಹಾಗೇ ಕೂತಳು. ಮಡಿಲಲ್ಲಿದ್ದ ಒಂದು ನೀಲಿ ಮುಚ್ಚಳವನ್ನು ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು.

“ಹಾಗಾದ್ರೆ ನನ್ನದು ವ್ಯಾಪಾರವೇ ಅಲ್ಲ” ಎಂದಳು. “ನಿಮ್ಮ ದಾಕ್ಷಿಣ್ಯ.”

“ಛೆ, ಹಾಗೇನಿಲ್ಲ” ಎಂದರು ಮೇಷ್ಟ್ರು. “ಬೇರೆಯವರೂ…”

“ಯಾರು? ಒಬ್ಬರ ಹೆಸರು ಹೇಳಿ.”

ಮೇಷ್ಟ್ರು ಬೆನ್ನ ಹಿಂದಿನ ದಿಂಬು ಸರಿಮಾಡಿಕೊಂಡರು. ಅವಳು ಒಳಗೆ ನೋಡಿ, “ಬಾಮ್ಮ ಇಲ್ಲಿ” ಎಂದು ಸೊಸೆಯನ್ನು ಕರೆದಳು. ಸೊಸೆ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು, ಕೈಯಲ್ಲಿ ಯಾರದೋ ಪ್ಯಾಂಟು ಹಿಡಿದು ಬಂದಳು. ಮುಚ್ಚಳಕ್ಕ ಒಂದನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದಳು. ಸಲಗ, ಮಲ್ಲಿಗೆ, ಧ್ರುವ, ಎಲ್ಲವನ್ನೂ. “ಮಾತು ಮಾತೇ. ಕೋಣೆ ನಿನ್ನದು. ಒಂದೆರಡು ದಿನ ಕೊಡು, ಖಾಲಿ ಮಾಡ್ತೀನಿ.”

ಸೊಸೆ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಪ್ಯಾಂಟಿಗೆ ಚುಚ್ಚಿದಳು. ಅವಳು ಸುಮ್ಮನೆ “ಸರಿ ಅತ್ತೆ” ಎಂದಿದ್ದರೆ ಮುಗಿದುಹೋಗುತ್ತಿತ್ತು. ಓಣಿಯ ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿ ಸೋತ ಕಣ್ಣುಗಳಿಗೆ ಕಿಟಕಿ ಸಿಗುತ್ತಿತ್ತು.

“ಹಾಗಾದ್ರೆ ಬಾಗಿಲಿಗೆ ಬರ್ತಾರಲ್ಲ, ಅವರು ಯಾರು?” ಎಂದಳು.

“ಯಾವ ಬಾಗಿಲಿಗೆ?”

“ನಮ್ಮ ಬಾಗಿಲಿಗೇ. ಕಿಟಕೀಲಿ ಮುಚ್ಚಳ ಕಾಣುತ್ತಲ್ಲ, ನೋಡಿ ಬರ್ತಾರೆ. ಮೊನ್ನೆ ಔಷಧಿ ಅಂಗಡಿಯವರ ಅತ್ತಿಗೆ ಒಂದು ಜಾಡೀನ ಟವೆಲ್ಲಲ್ಲಿ ಸುತ್ತಿಕೊಂಡು ಬಂದಿದ್ರು, ಇದಕ್ಕೆ ಆಗೋದು ಇದೆಯಾ ಅಂತ. ಅದಕ್ಕೆ ಮುಂಚೆ ಶಾಲೆ ಹತ್ತಿರದ ಅಜ್ಜಿ. ಬರ್ತಾನೇ ಇರ್ತಾರೆ.”

“ನೀನೇನಂದೆ?”

“ನೀವು ಹೇಳಿಕೊಟ್ಟಿದ್ದೇ ಅಂದೆ. ಇಲ್ಲಿ ಮಾರಲ್ಲ, ಹರಾಜಪ್ಪನ ಹತ್ರ ಹೋಗಿ ಕೂಗಿ ಅಂತ.”

ಹರಾಜಪ್ಪನ ಒಂದು ನಿಯಮ ಹಾಗಿತ್ತು: ಅವನಲ್ಲಿಟ್ಟ ಸಾಮಾನನ್ನು ಹೊರಗೆ ಮಾರುವಂತಿಲ್ಲ. ಅದನ್ನು ಅಕ್ಷರಶಃ ಪಾಲಿಸಿದವರು ಪ್ರಪಂಚದಲ್ಲಿ ಬಹುಶಃ ನಾವು ನಾಲ್ವರೇ. ಗಡಿಯಾರದಣ್ಣ ತಮ್ಮ ಸ್ವಂತ ಷಡ್ಡಕನಿಗೇ ಗಡಿಯಾರ ಕೊಡದೆ ಕೂಗಲು ಕಳಿಸಿದ್ದರು. ಆ ಷಡ್ಡಕ ಈಗ ಇವರ ಜೊತೆ ಮಾತಾಡುವುದಿಲ್ಲ.

“ಎಷ್ಟು ಜನ ಬಂದ್ರು? ನನಗ್ಯಾಕೆ ಹೇಳಲಿಲ್ಲ?” ಎಂದು ಮುಚ್ಚಳಕ್ಕ ಎದ್ದುನಿಂತಳು.

“ಅಯ್ಯೋ, ನಿಮಗೆ ಸಾಹುಕಾರ ಗಿರಾಕಿಗಳಿದಾರೆ ಅಂತ ನೀವೇ ಹೇಳ್ತಿದ್ರಿ. ಟವೆಲ್ಲಲ್ಲಿ ಸುತ್ತಿಕೊಂಡು ಬರೋರು ನಿಮಗೆ ಯಾಕೆ ಅಂತ ಸುಮ್ಮನಿದ್ದೆ.” ಸೊಸೆ ಪ್ಯಾಂಟನ್ನು ಹೆಗಲ ಮೇಲೆ ಹಾಕಿಕೊಂಡಳು. “ಪಾತ್ರೆ ತಂದು ಇಟ್ಟು ನೋಡಿದ್ರೆ ತಾನೇ ಮುಚ್ಚಳ ಕೂತಿದೆಯೋ ಇಲ್ವೋ ಗೊತ್ತಾಗೋದು? ಫೋಟೋದಲ್ಲಿ ಹೇಗೆ ಗೊತ್ತಾಗುತ್ತೆ? ಕೋಣೆ ಪೂರ್ತಿ ನನಗ್ಯಾಕೆ ಅತ್ತೆ. ಮಶೀನಿಗೆ ಕಿಟಕಿ ಕೆಳಗೆ ಜಾಗ ಆದ್ರೆ ಸಾಕು. ಮುಚ್ಚಳ ಎಲ್ಲ ಗೋಡೆಗೆ ಏರಿಸಿ.”

“ಒಬ್ಬರಾದ್ರೂ ನಿಜವಾದ ಗಿರಾಕಿ ಬರಲಿ, ಆಮೇಲೆ ಅರ್ಧ ಕೋಣೆ ಮಾತು” ಎಂದಳು ಮುಚ್ಚಳಕ್ಕ. “ಬರಲಿಲ್ಲ ಅಂದ್ರೆ ಪೂರ್ತಿ ನಿನ್ನದು.” ಅವತ್ತೇ ಹರಾಜಪ್ಪನಿಂದ ತನ್ನ ಮುಚ್ಚಳಗಳನ್ನೆಲ್ಲ ತೆಗೆದುಹಾಕಿದಳು. ಮೇಷ್ಟ್ರು ಬಿಡಲಿಲ್ಲ, ನಕಾಶೆ ಕೊಳ್ಳುವವರು ದೂರದೂರದಲ್ಲಿರುತ್ತಾರೆ, ಅದು ನ್ಯಾಯವೇ. ನಾನೂ ಅರ್ಧ ಅಲ್ಲಿ ಅರ್ಧ ಇಲ್ಲಿ. ಗಡಿಯಾರದಣ್ಣ ಬಿಟ್ಟರು, ಮತ್ತು ಮೊದಲ ಕೆಲಸವಾಗಿ ಒಂದು ಗಡಿಯಾರ ಎತ್ತಿಕೊಂಡು ಷಡ್ಡಕನ ಮನೆಗೆ ಹೋದರು.

ಮಾರನೆಯ ದಿನ ಸೊಸೆ ಔಷಧಿ ಅಂಗಡಿಗೆ ಹೋಗಿ, ಇನ್ನು ಮನೆಯಲ್ಲೇ ಮಾರುತ್ತೇವೆ ಎಂದು ಹೇಳಿ ಬಂದಳು. ನಾವು ಮೂವರೂ ಸುಮ್ಮನೆ ಆ ಕಡೆ ಬಂದವರ ಹಾಗೆ ಬಂದು ಕೋಣೆಯ ಮೂರು ಕುರ್ಚಿಗಳಲ್ಲಿ ಕೂತಿದ್ದೆವು. ಮಶೀನು ಕಿಟಕಿಯ ಕೆಳಗೆ ಬಂದಿತ್ತು. ಗೋಡೆಯ ಮೇಲೆ ಮುಚ್ಚಳಗಳು ಚಾವಣಿಯವರೆಗೆ ಹತ್ತಿದ್ದವು.

ಔಷಧಿ ಅಂಗಡಿಯವರ ಅತ್ತಿಗೆ ಬಂದು, ಟವೆಲ್ಲು ಬಿಚ್ಚಿ ಜಾಡಿಯನ್ನು ಇಟ್ಟಳು. ಮುಚ್ಚಳಕ್ಕ ಒಂದೊಂದನ್ನೇ ಇಳಿಸಿ ಇಟ್ಟು ನೋಡಿದಳು. ದೊಡ್ಡದು, ಚಿಕ್ಕದು, ವಾಲಿದ್ದು. ಕೊನೆಗೆ ಒಂದು ಹಸಿರು ಮುಚ್ಚಳ ಇಟ್ಟಾಗ ಅತ್ತಿಗೆ ಚಪ್ಪಾಳೆ ತಟ್ಟಿದಳು. “ಹಾಂ! ಇದೇ ಆಯ್ತು. ಕೊಡಿ.”

ಮುಚ್ಚಳಕ್ಕ ಅದನ್ನು ಬೆರಳಿನಿಂದ ಅಲ್ಲಾಡಿಸಿ, “ಕೂತಿಲ್ಲ” ಎಂದಳು.

“ಒಂಚೂರು ಸಡಿಲ ಅಷ್ಟೆ. ನಡೆಯುತ್ತೆ.”

“ಇರುವೆ ಹೋಗುತ್ತೆ. ಕೊಡಲ್ಲ.”

ಸೊಸೆಯ ಮಶೀನು ಗಕ್ಕನೆ ನಿಂತಿತು. ಗಡಿಯಾರದಣ್ಣ ನನ್ನ ಕಿವಿಯ ಹತ್ತಿರ ಬಗ್ಗಿ ತಮ್ಮ ಪಿಸುದನಿಯಲ್ಲಿ, “ನಾವೇ ತಗೊಂಡುಬಿಡೋಣ್ವಾ?” ಎಂದರು.

“ಗಡಿಯಾರದಣ್ಣ, ಬೀದಿಗೆಲ್ಲ ಕೇಳಿಸ್ತು” ಎಂದಳು ಮುಚ್ಚಳಕ್ಕ, ತಿರುಗಿಯೂ ನೋಡದೆ.

ಅತ್ತಿಗೆ ಮುಖ ಊದಿಸಿಕೊಂಡು ಜಾಡಿ ಸುತ್ತಿಕೊಂಡು ಹೊರಟೇಹೋದಳು. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸೊಸೆ ಎದ್ದು ಬಂದು ಆ ಹಸಿರು ಮುಚ್ಚಳವನ್ನು ಒರೆಸಿ ಅದರ ಜಾಗದಲ್ಲಿಟ್ಟಳು. “ಒಳ್ಳೇದೇ ಮಾಡಿದ್ರಿ ಅತ್ತೆ” ಎಂದಳು. ಅವಳ ದನಿ ಸಣ್ಣಗಿತ್ತು.

ಮಧ್ಯಾಹ್ನ ಕಳೆದ ಮೇಲೆ ಬಾಗಿಲಲ್ಲಿ ಗಲಗಲ ಕೇಳಿತು. ಅದೇ ಅತ್ತಿಗೆ. ಜೊತೆಗೆ ಅವಳ ನಾದಿನಿ, ಶಾಲೆ ಹತ್ತಿರದ ಅಜ್ಜಿ, ಒಂದು ಬುಟ್ಟಿ, ಬುಟ್ಟಿಯಲ್ಲಿ ತಲೆಯಿಲ್ಲದ ಪಾಟುಗಳು, ಡಬ್ಬಿಗಳು.

“ಇವರೇ ನೋಡು ನಾನು ಹೇಳಿದ್ದು” ಎಂದು ಅತ್ತಿಗೆ ನಾದಿನಿಗೆ ತೋರಿಸಿದಳು, ಇನ್ನೂ ಸಿಟ್ಟಿನಲ್ಲೇ. “ದುಡ್ಡು ಕೊಡ್ತೀನಿ ಅಂದ್ರೂ ಮಾರಲಿಲ್ಲ ಮಹಾತಾಯಿ! ಅಕ್ಕಾ, ಜಾಡಿ ಹಾಗಿರಲಿ, ಇವುಗಳಿಗೆ ನೋಡಿ.”

ಮುಚ್ಚಳಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನಮ್ಮ ಮೂವರ ಕಡೆ ತಿರುಗಿ ಕೈ ಬೀಸಿದಳು.

“ಏಳಿ, ಏಳಿ. ಗಿರಾಕಿಗಳು ಕೂರಬೇಕು.”

ನಾವು ಮೂವರೂ ದಡಬಡಿಸಿ ಎದ್ದೆವು. ಮೇಷ್ಟ್ರು ತಮ್ಮ ದಿಂಬನ್ನು ಅಜ್ಜಿಯ ಕುರ್ಚಿಗೇ ಬಿಟ್ಟರು. ಓಣಿಯಲ್ಲಿ ಸಾಲಾಗಿ ನಿಂತು, ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕುತ್ತಾ, ಸಂಜೆಯವರೆಗೂ ನೋಡಿದೆವು.