ದೇವರು ಬಂದರೂ ನಿದ್ದೆ ಬಾರದ ರಾಮಾಂಜನೇಯ

ರಾಮಾಂಜನೇಯನ ಮೈಮೇಲೆ ದೇವರು ಬಂದಿದೆ ಎಂದು ಗೌರಸಮುದ್ರದ ಪಕ್ಕದ ಹಟ್ಟಿಯಲ್ಲೆಲ್ಲ ಸುದ್ದಿ. ವಾರದಿಂದ ಕಣ್ಣು ಮುಚ್ಚದೆ ಮಾತಾಡುತ್ತಲೇ ಇದ್ದ. ದಾರಿಹೋಕರನ್ನು ಕರೆದು ತನ್ನ ಮಂದೆಯ ಕುರಿ ಕೊಟ್ಟು ಕಳಿಸಿದ. ಪಡೆದವರು ಕೈಮುಗಿದು ಹೋದರು, ಅವರಿಗೇನು ನಷ್ಟ! ಮಗು ಆಗುತ್ತಾ, ಬೋರು ಹಾಕಿಸಿದರೆ ನೀರು ಬೀಳುತ್ತಾ ಎಂದು ಕೇಳಲು ಜನ ಬಾಗಿಲಿಗೆ ಬಂದರು.

ಹೆಂಡತಿ ಸೂರಮ್ಮನಿಗೆ ಮಾತ್ರ ಹೆದರಿಕೆ. ಹೋದ ವರ್ಷವೂ ಹೀಗೇ ಹಾರಾಡಿ, ಆಮೇಲೆ ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಒಂದು ಮುಂಜಾನೆ ಬಾವಿಕಟ್ಟೆಯಿಂದ ಅವನನ್ನು ಎಳೆದು ತಂದವಳು ಅವಳೇ. ಇನ್ನೊಮ್ಮೆ ಕೈಗೆ ಸಿಗದೆ ಹೋದರೆ?

ಪೋಲಿಯೊ ಹನಿ ಹಾಕಲು ಬಂದ ನರ್ಸ್ ಪುಷ್ಪಲತಾ ಹತ್ತಿರ ಅಳುತ್ತಾ ಹೇಳಿಕೊಂಡಳು. ಇದಕ್ಕೆ ಮಾತ್ರೆ ಐತೆ, ದುರ್ಗದ ಆಸ್ಪತ್ರೆಗೆ ಹೋಗೋಣ ಎಂದಳು ಪುಷ್ಪಲತಾ. ಅಲ್ಲೇ ಕೂತಿದ್ದ ಪೂಜಾರಿ ದೊಡ್ಡಪಾಲಯ್ಯ, ರಾಮಾಂಜನೇಯನ ದೊಡ್ಡಪ್ಪ, ಗದರಿದ.

"ದೇವ್ರು ಬಂದೋನಿಗೆ ಮಾತ್ರೆ ಕೊಡ್ತಾರೇನಮ್ಮಾ? ಮುನಿಸ್ಕೊಂಡ್ರೆ ಹಟ್ಟೀನೇ ಉಳಿಯಲ್ಲ."

ಪುಷ್ಪಲತಾ ಜಗಳಕ್ಕೆ ನಿಲ್ಲಲಿಲ್ಲ. "ನಿಮ್ಮ ಮೈಮೇಲೂ ದೇವ್ರು ಬರ್ತೈತಲ್ಲ ಅಜ್ಜಾ, ಇಳಿದ ಮೇಲೆ ಏನ್ಮಾಡ್ತೀರಿ?"

"ಏನ್ಮಾಡೋದು? ಮೈಯೆಲ್ಲ ಸೋತು ಹೋಗ್ತೈತೆ. ಒಂದು ಚೊಂಬು ನೀರು ಕುಡಿದು ಮಲಗಿದ್ರೆ ಬೆಳಗಾದ್ರೂ ಎಚ್ಚರ ಆಗಲ್ಲ."

"ಇವ್ರು ಮಲಗಿ ಎಷ್ಟು ದಿನ ಆಯ್ತು?"

ಅಜ್ಜ ತಲೆ ಕೆರೆದುಕೊಂಡ. ಇಷ್ಟು ವರ್ಷ ದೇವರನ್ನು ಮೈಮೇಲೆ ಹೊತ್ತವನಿಗೆ ಬೇರೆ ಯಾರು ಹೇಳಿಕೊಡಬೇಕು? "ಇದು ದೇವ್ರಲ್ಲ ಕಣವ್ವಾ," ಎಂದ. "ನಡೀರಿ, ನಾನೂ ಬರ್ತೀನಿ."

ದುರ್ಗದ ಆಸ್ಪತ್ರೆಯಲ್ಲಿ ಮನೋವೈದ್ಯರು ಔಷಧಿ ಕೊಟ್ಟರು. ಸ್ವಲ್ಪ ತಣ್ಣಗಾದ ಮೇಲೆ, ಬಾಲ್ಯದ ಬಗ್ಗೆ ಕೇಳಿದಾಗ ರಾಮಾಂಜನೇಯ ಬಾಯಿಬಿಟ್ಟ. ಅವ್ವ ಸತ್ತ ಮೇಲೆ ಜೀತಕ್ಕಿದ್ದ ಮನೆಯಲ್ಲಿ, ಕುರಿಮರಿ ತಪ್ಪಿಸಿಕೊಂಡರೆ ಇವನನ್ನು ಬಾರುಕೋಲಿನಿಂದ ಹೊಡೆದು ಕಂಬಕ್ಕೆ ಕಟ್ಟುತ್ತಿದ್ದರಂತೆ. ಕಟ್ಟಿಕೊಂಡ ಹೆಂಡತಿಗೂ ಅವನು ಇದನ್ನು ಹೇಳಿರಲಿಲ್ಲ. ಸೂರಮ್ಮ ಅಲ್ಲೇ ಅತ್ತುಬಿಟ್ಟಳು.

"ಇದು ಬೈಪೋಲಾರ್ ಅನ್ನೋ ಕಾಯಿಲೆ," ಎಂದರು ಡಾಕ್ಟರು. "ಮನಸ್ಸು ಒಮ್ಮೆ ವಿಪರೀತ ಏರುತ್ತೆ, ಒಮ್ಮೆ ಪೂರ್ತಿ ಕುಸಿಯುತ್ತೆ. ಎಳೇ ವಯಸ್ಸಲ್ಲಿ ತುಂಬಾ ನೋವು ತಿಂದವರಿಗೆ ಬರೋ ಸಾಧ್ಯತೆ ಹೆಚ್ಚು. ಅದೊಂದೇ ಕಾರಣ ಅಲ್ಲ, ವಂಶದಿಂದಲೂ ಬರಬಹುದು. ನಾನು ಹೇಳದೆ ಮಾತ್ರೆ ನಿಲ್ಲಿಸಬೇಡಿ, ಹತೋಟಿಗೆ ಬರುತ್ತೆ."

"ಹಂಗಾದ್ರೆ ನಂದೇನೂ ತಪ್ಪಿಲ್ವಾ ಸಾರ್?" ಎಂದ ರಾಮಾಂಜನೇಯ.

"ಇಲ್ಲಪ್ಪಾ."

ಮುಂದಿನ ಮಳೆಗೆ ಗಂಡ ಹೆಂಡತಿ ಕೂಡಿ ಶೇಂಗಾ ಬಿತ್ತಿದರು. ಸೂರಮ್ಮನ ಎದೆಯ ಭಾರ ಇಳಿದಿತ್ತು. ಆಗಲೂ ಯಾರೋ ಭವಿಷ್ಯ ಕೇಳಲು ಬಂದರು. ದೊಡ್ಡಪಾಲಯ್ಯ ಅಡ್ಡ ನಿಂತ. "ಅವ್ನು ದೇವ್ರಲ್ಲ ಕಣ್ರಪ್ಪಾ, ನಮ್ಮ ಹುಡುಗ. ಹುಷಾರಾಗ್ತಾವ್ನೆ, ಬಿಡ್ರಿ."

ನಿಮ್ಮ ಮನೆಯಲ್ಲೂ ಯಾರಾದರೂ ನಿದ್ದೆಯಿಲ್ಲದೆ ಹಾರಾಡುತ್ತಿದ್ದರೆ, ಮಂಕಾಗಿ ಮೂಲೆ ಸೇರಿದ್ದರೆ, ಕಟ್ಟಿಹಾಕಬೇಡಿ, ಪೂಜೆಯನ್ನೂ ಮಾಡಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಕ್ಕಳ ಮೇಲೆ ಎತ್ತಿದ ಕೈಯನ್ನು ಇವತ್ತೇ ಇಳಿಸಿ.